ನರ್ಸಿಂಗ್ ನೋಟ್ಸ್‌ಗೆ ಡ್ರಾಪ್‌ಡೌನ್ ಪಟ್ಟಿ: ನಾಂಡಾನಾ, ಐಸಿಎನ್‌ಪಿನಾ, ನಮ್ಮದೇ ಪದಗಳಾ?

ವಾರ್ಡ್_ಮೇಜು

120 ಹಾಸಿಗೆಯ ಆಸ್ಪತ್ರೆ, ನಾಲ್ಕು ವಾರ್ಡು, 10 ಹಾಸಿಗೆಯ ಐಸಿಯು. ಡಾಕ್ಟರ ಆರ್ಡರು, ಲ್ಯಾಬು, ಬಿಲ್ಲು ಕಂಪ್ಯೂಟರಿಗೆ ಹೋಗಿ ಆಗಿದೆ. ಕೇಸ್ ಶೀಟಿನಲ್ಲಿ ಪೆನ್ನಿನಲ್ಲಿ ಉಳಿದಿರೋದು ನರ್ಸಿಂಗ್ ನೋಟ್ಸ್ ಒಂದೇ. ಸಾಫ್ಟ್‌ವೇರಿನವರು "ಪಟ್ಟಿ ಎಕ್ಸೆಲ್‌ನಲ್ಲಿ ಕಳಿಸಿ, ಹಾಕಿಕೊಡ್ತೀವಿ" ಅಂತಿದ್ದಾರೆ. ನಾಂಡಾ ಪುಸ್ತಕದ ಪಟ್ಟಿಯನ್ನು ಹಾಗೇ ಟೈಪ್ ಮಾಡಿ ಕೊಟ್ಟರೆ ಆಗುತ್ತಾ? ಅದಕ್ಕೆ ಲೈಸೆನ್ಸ್ ಬೇಕಾ? ರೋಗಿ ಕನ್ನಡದಲ್ಲಿ ಹೇಳಿದ ಮಾತನ್ನು ಎಲ್ಲಿ ಇಡೋದು? ಪಟ್ಟಿ ಇಟ್ಟ ಮೇಲೆ ಬರೆಯೋ ನೋಟ್ಸ್ ಪೂರ್ತಿ ನಿಲ್ಲಿಸಬೇಕಾ? ಗೊತ್ತಿರೋರು ವಿವರವಾಗಿ ಹೇಳಿ.

ಪಾಠದ_ಮೇಡಂ

ಮೊದಲು ಹೆಸರುಗಳ ಗೊಂದಲ ಬಿಡಿಸೋಣ. ನಾಂಡಾ ಇರೋದು ನರ್ಸಿಂಗ್ ಡಯಾಗ್ನೋಸಿಸ್‌ಗೆ, ಅಂದರೆ ರೋಗಿಯ ತೊಂದರೆ ಬಗ್ಗೆ ನರ್ಸ್ ಮಾಡೋ ತೀರ್ಮಾನಕ್ಕೆ ಮಾತ್ರ. 1973ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನಡೆದ ಸಮ್ಮೇಳನದಿಂದ ಹುಟ್ಟಿದ್ದು. 2021–23ರ ಆವೃತ್ತಿಯಲ್ಲಿ 267 ಡಯಾಗ್ನೋಸಿಸ್ ಇದ್ದವು, 2024–26ರದ್ದರಲ್ಲಿ 277. ಏನು ಮಾಡಿದಿರಿ ಅನ್ನೋದಕ್ಕೆ ಅಯೋವಾ ವಿಶ್ವವಿದ್ಯಾಲಯದವರ ಎನ್‌ಐಸಿ, ಫಲ ಏನಾಯಿತು ಅನ್ನೋದಕ್ಕೆ ಅವರದ್ದೇ ಎನ್‌ಓಸಿ (ನರ್ಸಿಂಗ್ ಔಟ್‌ಕಮ್ಸ್ ಕ್ಲಾಸಿಫಿಕೇಷನ್). ಈ ಮೂರನ್ನೂ ಜೋಡಿಸಿದರೆ ಒಂದು ಸರಪಳಿ ಆಗುತ್ತೆ: ತೊಂದರೆ, ಗುರಿ, ಕೆಲಸ, ಫಲ. ನಾಂಡಾ ಒಂದನ್ನೇ ತಂದಿಟ್ಟರೆ ಸರಪಳಿಯ ಒಂದು ಕೊಂಡಿ ತಂದ ಹಾಗೆ.

ಐಸಿಎನ್‌ಪಿ ಬೇರೆ ಜಾತಿ, ನರ್ಸಿಂಗ್ ಕೆಲಸಕ್ಕೆ ಅಂತಲೇ ಇರೋ ಅಂತರರಾಷ್ಟ್ರೀಯ ಪದಕೋಶ. ಜಿನೀವಾದ ಇಂಟರ್‌ನ್ಯಾಷನಲ್ ಕೌನ್ಸಿಲ್ ಆಫ್ ನರ್ಸಸ್‌ನವರು 1989ರಲ್ಲಿ ಕೆಲಸ ಶುರು ಮಾಡಿ 2005ರಲ್ಲಿ 1.0 ಆವೃತ್ತಿ ತಂದರು. ಅದರಲ್ಲಿ ಡಯಾಗ್ನೋಸಿಸ್, ಕೆಲಸ, ಫಲ ಮೂರೂ ಇವೆ. 2021ರಿಂದ ಅದರ ಉಸ್ತುವಾರಿ ಸ್ನೋಮೆಡ್ ಇಂಟರ್‌ನ್ಯಾಷನಲ್‌ನವರದ್ದು. ಪದಗಳೆಲ್ಲ ಅವರ ಸ್ನೋಮೆಡ್ ಸಿಟಿ (CT) ಅನ್ನೋ ದೊಡ್ಡ ವೈದ್ಯಕೀಯ ಪದಕೋಶದ ಒಳಗೇ ಬರುತ್ತವೆ.

ಇನ್ನೆರಡು ಹೆಸರು ಕೇಳಿರ್ತೀರಿ. ಓಮಾಹಾ ಸಿಸ್ಟಂ ಮನೆಮನೆ ಭೇಟಿ ಮಾಡೋ ಸಮುದಾಯ ನರ್ಸಿಂಗ್‌ಗೆ ಹೊಂದುತ್ತೆ. ಒಟ್ಟು 42 ತೊಂದರೆಗಳು; ಪ್ರತಿಯೊಂದಕ್ಕೂ ತಿಳಿವಳಿಕೆ, ನಡವಳಿಕೆ, ಸ್ಥಿತಿ ಅಂತ ಮೂರು ಅಂಶಕ್ಕೆ 1ರಿಂದ 5ರ ಅಂಕ. ವರ್ಜೀನಿಯಾ ಸಾಬಾ ಅವರು ಜಾರ್ಜ್‌ಟೌನ್‌ನಲ್ಲಿ ಕಟ್ಟಿದ ಸಿಸಿಸಿ (ಕ್ಲಿನಿಕಲ್ ಕೇರ್ ಕ್ಲಾಸಿಫಿಕೇಷನ್) ಕಂಪ್ಯೂಟರಿಗೇ ಅಂತ ಹುಟ್ಟಿದ್ದು. ಅಲ್ಲಿ ಪ್ರತಿ ಕೆಲಸಕ್ಕೂ ನಾಲ್ಕೇ ಬಗೆ: ಗಮನಿಸೋದು, ಮಾಡೋದು, ಕಲಿಸೋದು, ನಿರ್ವಹಿಸೋದು ಅಥವಾ ಬೇರೆಯವರ ಕೈಗೆ ಒಪ್ಪಿಸೋದು. ಒಳರೋಗಿ ವಾರ್ಡಿಗೆ ಓಮಾಹಾ ಬೇಡ ಅಂತ ನನ್ನ ಅಭಿಪ್ರಾಯ.

ಮೂರನೇ_ಸೆಮಿಸ್ಟರ್

ಮೇಡಂ, ಎನ್‌ಐಸಿ ಅಂದ್ರೆ ಸರ್ಕಾರಿ ಆಸ್ಪತ್ರೆಗಳ ಇ-ಹಾಸ್ಪಿಟಲ್ ಮಾಡಿದೋರೇ ತಾನೆ?

ಪಾಠದ_ಮೇಡಂ

ಅಲ್ಲಪ್ಪ, ಅದು ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್. ಇದು ನರ್ಸಿಂಗ್ ಇಂಟರ್‌ವೆನ್ಷನ್ಸ್ ಕ್ಲಾಸಿಫಿಕೇಷನ್. ನಮ್ಮ ದೇಶದಲ್ಲಿ ಈ ಎರಡೂ ಒಂದೇ ಮೀಟಿಂಗಿನಲ್ಲಿ ಬರೋದರಿಂದ ಕಡತದಲ್ಲಿ ಪೂರ್ತಿ ಹೆಸರು ಬರೆಯೋದೇ ಒಳ್ಳೇದು. ಪ್ರಮಾಣಿತ ಪದ ಯಾಕೆ ಬೇಕು ಅಂತ ಕೇಳಿದೋರಿಗೂ ಇದನ್ನೇ ತೋರಿಸಿ.

ಡೇಟಾಬೇಸ್_ಭಟ್ರು

ಲೈಸೆನ್ಸ್ ಪ್ರಶ್ನೆಗೆ. ನಾಂಡಾ, ಎನ್‌ಐಸಿ, ಎನ್‌ಓಸಿ ಮೂರಕ್ಕೂ ಕಾಪಿರೈಟ್ ಇದೆ. ಪುಸ್ತಕ ಕೊಂಡಿದ್ದೀರಿ ಅಂದರೆ ಓದಬಹುದು, ಪಾಠ ಮಾಡಬಹುದು. ಸಾಫ್ಟ್‌ವೇರಿನೊಳಗೆ ಪಟ್ಟಿಯಾಗಿ ಇಡೋದಕ್ಕೆ ಪ್ರಕಾಶಕರಿಂದ ಬೇರೆ ಲೈಸೆನ್ಸ್ ಬೇಕು. ಟೈಪ್ ಮಾಡಿ ಎಕ್ಸೆಲ್‌ನಲ್ಲಿ ಕಳಿಸೋ ಯೋಚನೆ ಇಲ್ಲಿಗೇ ಬಿಡಿ.

ಸ್ನೋಮೆಡ್ ಸಿಟಿ ಕತೆ ಬೇರೆ. 2014ರಲ್ಲಿ ಭಾರತ ಸದಸ್ಯ ದೇಶ ಆಯಿತು, ಹಾಗಾಗಿ ದೇಶದೊಳಗೆ ಬಳಕೆಗೆ ಶುಲ್ಕ ಇಲ್ಲ. ಆದರೆ ನೋಂದಣಿ ಮಾಡಿಸಿ ಅಫಿಲಿಯೇಟ್ ಲೈಸೆನ್ಸ್ ತಗೊಳ್ಳಲೇಬೇಕು. ನಮ್ಮಲ್ಲಿ ಇದನ್ನು ನೋಡಿಕೊಳ್ಳೋದು ಪುಣೆಯ ಸಿ-ಡ್ಯಾಕ್‌ನಲ್ಲಿರುವ ಎನ್‌ಆರ್‌ಸಿಇಎಸ್. ಕೇಂದ್ರ ಆರೋಗ್ಯ ಸಚಿವಾಲಯದ 2016ರ ಇಎಚ್‌ಆರ್ (ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ) ಮಾನದಂಡದಲ್ಲೂ ಸ್ನೋಮೆಡ್ ಸಿಟಿ, ಲಾಯಿಂಕ್ (ಲ್ಯಾಬ್ ಪರೀಕ್ಷೆ, ಅಳತೆಗಳ ಕೋಡು) ಎರಡೂ ಇವೆ. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ಗೆ ದಾಖಲೆ ಕಳಿಸೋದು ಎಫ್‌ಎಚ್‌ಐಆರ್ ಆರ್4 ಅನ್ನೋ, ಸಾಫ್ಟ್‌ವೇರುಗಳ ನಡುವೆ ದಾಖಲೆ ಸಾಗಿಸೋ ರೂಪದಲ್ಲಿ. ಅದಕ್ಕೂ ಇವೇ ಕೋಡುಗಳು ಹೊಂದುತ್ತವೆ. ಖರ್ಚು ನೋಡಿದರೂ ಮುಂದಿನ ದಾರಿ ನೋಡಿದರೂ ಸ್ನೋಮೆಡ್ ಒಳಗಿನ ಐಸಿಎನ್‌ಪಿ ಪದಗಳನ್ನು ಹಿಡಿಯೋದು ಸರಿ.

ಈಗ ಎಕ್ಸೆಲ್ ಬಗ್ಗೆ. ಪಟ್ಟಿ ಕೆಡೋದು ಬಹಳ ಸಲ ಇಲ್ಲೇ. ಸ್ನೋಮೆಡ್ ಗುರುತು ಸಂಖ್ಯೆ 6ರಿಂದ 18 ಅಂಕಿವರೆಗೆ ಇರುತ್ತೆ. ಎಕ್ಸೆಲ್ ಸಂಖ್ಯೆ ಅಂತ ಹಿಡಿದರೆ 15 ಅಂಕಿಯಾಚೆ ಇರೋದನ್ನೆಲ್ಲ ಸೊನ್ನೆ ಮಾಡಿಬಿಡುತ್ತೆ. ಎಷ್ಟೋ ಸಲ ಎಚ್ಚರಿಕೆ ಸಂದೇಶವೂ ಬರಲ್ಲ. ಮೂಲ ಆವೃತ್ತಿಯ ಬಹುಪಾಲು ಕಾನ್ಸೆಪ್ಟ್ ಸಂಖ್ಯೆಗಳು ಚಿಕ್ಕವು, ಬದುಕಿಕೊಳ್ಳುತ್ತವೆ. ಯಾವುದೇ ದೇಶದ ಎಕ್ಸ್‌ಟೆನ್ಷನ್‌ನಲ್ಲಿರೋವು (ಆ ದೇಶ ತಾನೇ ಸೇರಿಸಿದವು) ಉದ್ದ, 15 ಅಂಕಿ ದಾಟಿದವು ಸಾಯುತ್ತವೆ. ಇನ್ನೊಂದು ಕಡೆ ನಾಂಡಾ ಕೋಡ್ 00132 ಇದ್ದದ್ದು 132 ಆಗಿ ಕೂತಿರುತ್ತೆ. ಪರಿಹಾರ: ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಕೋಡ್ ಕಾಲಮ್ಮನ್ನು ಟೆಕ್ಸ್ಟ್ ಅಂತ ಆರಿಸಿ. ಡೇಟಾಬೇಸಿನಲ್ಲೂ ಅದು ಟೆಕ್ಸ್ಟ್ ಆಗಿಯೇ ಇರಲಿ. ಸ್ನೋಮೆಡ್ ಸಂಖ್ಯೆಯ ಕೊನೆಯ ಅಂಕಿ ವೆರ್‌ಹೂಫ್ ಲೆಕ್ಕದ ತಾಳೆ ಅಂಕಿ. ಲೋಡ್ ಮಾಡುವಾಗ ಅದನ್ನು ಪರೀಕ್ಷಿಸೋಕೆ ಸಾಫ್ಟ್‌ವೇರಿನವರಿಗೆ ಹೇಳಿ, ಕೆಟ್ಟ ಸಾಲುಗಳು ಅಲ್ಲೇ ಸಿಕ್ಕಿಬೀಳುತ್ತವೆ.

ಪ್ರತಿ ನಮೂದಿಗೂ ನಾಲ್ಕು ವಿಷಯ ಉಳಿಸಿ: ಯಾವ ಪದಕೋಶ, ಯಾವ ಆವೃತ್ತಿ, ಕೋಡ್, ಆ ಹೊತ್ತು ಸಿಸ್ಟರ್ ಕಣ್ಣಿಗೆ ತೆರೆಯ ಮೇಲೆ ಕಂಡ ಪದ. ಆವೃತ್ತಿ ಯಾಕೆ ಅಂದರೆ, ನಾಂಡಾದಲ್ಲಿ ಬೀಳುವ ಅಪಾಯಕ್ಕೆ 00155 ಅಂತ ಇತ್ತು. 2021ರ ಆವೃತ್ತಿಯಲ್ಲಿ ಅದನ್ನು ತೆಗೆದು ದೊಡ್ಡವರಿಗೆ 00303, ಮಕ್ಕಳಿಗೆ 00306 ಅಂತ ಒಡೆದರು. ಆವೃತ್ತಿ ಬರೆದಿಡದೆ ಹೋದರೆ ಮೂರು ವರ್ಷದ ಲೆಕ್ಕ ತೆಗೆದಾಗ ಒಂದು ವರ್ಷ ಇದ್ದಕ್ಕಿದ್ದ ಹಾಗೆ ಯಾರಿಗೂ ಬೀಳುವ ಅಪಾಯವೇ ಇರಲಿಲ್ಲ ಅಂತ ಕಾಣುತ್ತೆ.

ಆಡಿಟ್_ಕಣ್ಣು

ಭಟ್ರು ಹೇಳಿದ್ದಕ್ಕೆ ತಕರಾರಿಲ್ಲ. ಆದರೆ ನೀವಿಬ್ಬರೂ ಮೇಲಿನಿಂದ ಶುರು ಮಾಡ್ತಿದ್ದೀರಿ. 120 ಹಾಸಿಗೆಯ ಕಡೆ ಡಯಾಗ್ನೋಸಿಸ್ ಪಟ್ಟಿಯಿಂದ ಶುರು ಮಾಡಿದರೆ ಮೂರು ತಿಂಗಳಲ್ಲಿ ಎಲ್ಲ ರೋಗಿಗೂ "ರಿಸ್ಕ್ ಫಾರ್ ಇನ್ಫೆಕ್ಷನ್" ಅಂತ ಕೂರುತ್ತೆ. ಮೊದಲ ಹೆಸರು ಅದು, ಒಂದೇ ಕ್ಲಿಕ್ಕು, ಯಾರೂ ಅಲ್ಲ ಅನ್ನೋ ಹಾಗಿಲ್ಲ.

ಮೊದಲ ಸುತ್ತಿಗೆ ಆರೇ ಆರು ವಿಷಯ ಸಾಕು: ವೈಟಲ್ಸ್, ನೋವು, ಬೀಳುವ ಅಪಾಯ, ಚರ್ಮ, ಕ್ಯಾನುಲಾ (ಡ್ರಿಪ್ ಹಾಕೋ ನಳಿಕೆ) ಜಾಗ, ಇನ್‌ಟೇಕ್-ಔಟ್‌ಪುಟ್. ಈ ಆರಕ್ಕೂ ಮುಂದೆ ಏನು ಮಾಡಬೇಕು ಅನ್ನೋದು ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು. ಓದಿದ ಮೇಲೆ ಯಾರೂ ಏನೂ ಮಾಡದ ಮಾಹಿತಿಗೆ ಕೋಡ್ ಹಾಕಿ ಪ್ರಯೋಜನ ಇಲ್ಲ.

ಉದಾಹರಣೆಗೆ ಬೀಳುವ ಅಪಾಯ ಅಳೆಯೋ ಮೋರ್ಸ್ ಸ್ಕೇಲ್. ಆರು ಪ್ರಶ್ನೆ, ಹೆಚ್ಚೆಂದರೆ ಒಟ್ಟು 125: ಹಿಂದೆ ಬಿದ್ದಿದ್ದರೆ 25, ಎರಡನೇ ಕಾಯಿಲೆ ಇದ್ದರೆ 15, ಕೋಲು ಅಥವಾ ವಾಕರ್ ಇದ್ದರೆ 15, ಪೀಠೋಪಕರಣ ಹಿಡಿದು ನಡೆದರೆ 30, ಡ್ರಿಪ್ ಅಥವಾ ಹೆಪಾರಿನ್ ಲಾಕ್ ಇದ್ದರೆ 20, ನಡಿಗೆ ದುರ್ಬಲ ಇದ್ದರೆ 10, ತೀರಾ ಕೆಟ್ಟಿದ್ದರೆ 20, ತನ್ನ ಮಿತಿ ಮರೆಯೋ ರೋಗಿಗೆ 15. ಸಾಮಾನ್ಯವಾಗಿ 45ರಿಂದ ಮೇಲೆ ಹೆಚ್ಚಿನ ಅಪಾಯ ಅಂತ ಹಿಡಿಯೋದು.

ತಪ್ಪೋದು ಮೂರನೇ ಪ್ರಶ್ನೆಯಲ್ಲಿ. ತೆರೆಯ ಮೇಲೆ "ನಡೆಯಲು ಸಾಧನ" ಅಂತ ಇರುತ್ತೆ. ಸಿಸ್ಟರ್ ಕೇಳೋದು "ಅಜ್ಜಿ, ಕೋಲು ಹಿಡೀತೀರಾ?" ಅಜ್ಜಿ ಇಲ್ಲ ಅಂತಾರೆ. ಸೊನ್ನೆ. ಅದೇ ಅಜ್ಜಿಗೆ "ರಾತ್ರಿ ಬಚ್ಚಲಿಗೆ ಹೋಗುವಾಗ ಏನು ಹಿಡ್ಕೊಂಡು ಹೋಗ್ತೀರಿ?" ಅಂತ ಕೇಳಿ. "ಮಂಚ ಹಿಡ್ಕೊಂಡು, ಆಮೇಲೆ ಕುರ್ಚಿ ಹಿಡ್ಕೊಂಡು" ಅಂತಾರೆ. ಅಲ್ಲಿ 30. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ, 15. ನಡಿಗೆ ಕೆಟ್ಟಿದೆ, 20. ಸರಿಯಾದ ಮೊತ್ತ 65. ಕೋಲಿನ ಪ್ರಶ್ನೆ ಕೇಳಿದೋರಿಗೆ ಸಿಕ್ಕಿದ್ದು 35. ಒಬ್ಬರ ಲೆಕ್ಕದಲ್ಲಿ ಮಂಚದ ಕಂಬಿ ಏರುತ್ತೆ, ಇನ್ನೊಬ್ಬರ ಲೆಕ್ಕದಲ್ಲಿ ಇಲ್ಲ. ಸ್ಕೇಲ್ ಒಂದೇ, ಕೋಡ್ ಒಂದೇ, ಪ್ರಶ್ನೆ ಬೇರೆ. ಅದಕ್ಕೆ ಪ್ರತಿ ಫೀಲ್ಡಿನ ಕೆಳಗೆ ರೋಗಿಗೆ ಕೇಳಬೇಕಾದ ಕನ್ನಡ ವಾಕ್ಯವನ್ನೇ ಬರೆಸಿ. ಕೋಡಿಗಿಂತ ಮೊದಲು ಪ್ರಶ್ನೆಯೇ ಪ್ರಮಾಣಿತ ಆಗಬೇಕು.

ಪಾಠದ_ಮೇಡಂ

ಆರು ವಿಷಯದಿಂದ ಶುರು ಮಾಡೋದಕ್ಕೆ ನನ್ನದೂ ಒಪ್ಪಿಗೆ. ಆದರೆ ಅಲ್ಲೇ ನಿಲ್ಲಿಸಬೇಡಿ. ಅಂಕ ಬರೆದಿಟ್ಟರೆ ರೋಗಿಗೆ ಏನಾಗಿದೆ ಅಂತ ಗೊತ್ತಾಗುತ್ತೆ. ಸಿಸ್ಟರ್ ಏನು ಯೋಚಿಸಿದರು, ಅದಕ್ಕೆ ಏನು ಮಾಡಿದರು ಅನ್ನೋದು ಗೊತ್ತಾಗಲ್ಲ. 65 ಬಂತು, ಸರಿ. ಆಮೇಲೆ? "ಬೀಳುವ ಅಪಾಯ ಇದೆ" ಅನ್ನೋ ತೀರ್ಮಾನ ಒಂದು ನಮೂದಾಗಬೇಕು, ಸ್ನೋಮೆಡ್‌ನಲ್ಲಿ 129839007. ಕಂಬಿ ಏರಿಸಿದ್ದು, ಕರೆಗಂಟೆ ಕೈಗೆ ಸಿಗೋ ಹಾಗೆ ಇಟ್ಟಿದ್ದು, ಮನೆಯವರಿಗೆ ಹೇಳಿದ್ದು ಬೇರೆ ಬೇರೆ ಕೆಲಸಗಳಾಗಿ ಬರಬೇಕು. ಇಲ್ಲದಿದ್ದರೆ ನರ್ಸಿಂಗ್ ಕೆಲಸವೆಲ್ಲ ಹಾಸಿಗೆ ಬಾಡಿಗೆಯೊಳಗೆ ಕರಗಿಹೋಗಿರುತ್ತೆ. 1980ರ ದಶಕದಲ್ಲಿ ಹ್ಯಾರಿಯೆಟ್ ವೆರ್ಲಿ, ನೋರ್ಮಾ ಲ್ಯಾಂಗ್ ಅವರು ನರ್ಸಿಂಗ್ ಮಿನಿಮಮ್ ಡೇಟಾ ಸೆಟ್ ಅಂತ 16 ಅಂಶ ಗುರುತಿಸಿದಾಗ ಅದರಲ್ಲಿ ಡಯಾಗ್ನೋಸಿಸ್, ಕೆಲಸ, ಫಲ, ಆರೈಕೆಯ ತೀವ್ರತೆ ಈ ನಾಲ್ಕನ್ನೂ ಸೇರಿಸಿದ್ದು ಇದೇ ಕಾರಣಕ್ಕೆ.

ಎನ್‌ಓಸಿ ಬಳಸೋರಿಗೆ ಒಂದು ಎಚ್ಚರಿಕೆ. ಅಲ್ಲಿ ನೋವಿನ ಮಟ್ಟ, ಕೋಡ್ 2102, 1 ಅಂದರೆ ತೀವ್ರ, 5 ಅಂದರೆ ನೋವೇ ಇಲ್ಲ. ನಾವು ದಿನಾ ಕೇಳೋ 0–10ರ ಅಳತೆಯಲ್ಲಿ 10 ಅಂದರೆ ತಡೆಯಲಾರದ ನೋವು. ಒಂದು ಏರಿದರೆ ಒಳ್ಳೇದು, ಇನ್ನೊಂದು ಏರಿದರೆ ಕೆಟ್ಟದ್ದು. ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿದರೆ ಆಪರೇಷನ್ ಆದ ರೋಗಿಗೆ ನೋವು ಕಡಿಮೆಯಾಗ್ತಿದೆಯೋ ಜಾಸ್ತಿಯಾಗ್ತಿದೆಯೋ ತಿಳಿಯಲ್ಲ. ಗೆರೆಯ ಪಕ್ಕದಲ್ಲಿ ತುದಿಗಳ ಅರ್ಥ ಬರೆಸಿ.

ಹಾಸಿಗೆ ಹುಣ್ಣಿನ ಅಪಾಯ ಅಳೆಯೋ ಬ್ರೇಡನ್ ಸ್ಕೇಲೂ ಹೀಗೇ, ಮೋರ್ಸ್‌ಗೆ ತದ್ವಿರುದ್ಧ: ಅಂಕ ಕಡಿಮೆ ಆದಷ್ಟೂ ಅಪಾಯ ಜಾಸ್ತಿ. 6ರಿಂದ 23, 18 ಮತ್ತು ಅದಕ್ಕಿಂತ ಕೆಳಗೆ ಅಪಾಯ. "ಹೈ ಸ್ಕೋರ್ ಬಂದರೆ ಕೆಂಪು" ಅಂತ ಎಲ್ಲ ಸ್ಕೇಲಿಗೂ ಒಂದೇ ನಿಯಮ ಬರೆದರೆ ಆರೋಗ್ಯವಂತರೆಲ್ಲ ಕೆಂಪಾಗಿ ಕಾಣ್ತಾರೆ.

ಹುಬ್ಬಳ್ಳಿ_ಬ್ರದರ್

ಮೇಡಂ, ಆಡಿಟ್ ಸಾಹೇಬ್ರ ಮಾತು ಖರೇ ಐತ್ರೀ, ಪ್ರಶ್ನಾ ಮೊದಲು. ಇನ್ನ ರೋಗಿ ಮಾತಿಗೆ ಬರೋಣು. ನಮ್ಮ ಕಡೆ "ಹೊಟ್ಟಿ ಬ್ಯಾನಿ" ಅಂತಾರ, ನಿಮ್ಮ ಕಡೆ "ಹೊಟ್ಟೆ ನೋವು". ಅದೇನ ತ್ರಾಸ ಇಲ್ಲ, ಎರಡಕ್ಕೂ ಒಂದ ಕೋಡ್. ತ್ರಾಸ ಇರೋದು "ಸುಸ್ತು" ಅನ್ನೋ ಶಬ್ದದಾಗ. ಎಲ್ಲಾರೂ ಅದನ್ನ ಫಟೀಗ್ ಅಂತ ಹಾಕಿ ಮುಂದ ಹೋಗ್ತಾರ. ಸುಸ್ತು ಅಂದ್ರ ನಾಕ್ ಥರ ಇರತೈತ್ರೀ.

ಎದ್ದ ನಿಂತ್ರ ತಿರಗತೈತೇನು, ಕಣ್ಣಿಗೆ ಕತ್ಲಿ ಬರತೈತೇನು ಕೇಳ್ರಿ. ಹೌದಂದ್ರ ತಲಿ ಸುತ್ತು, 404640003. ನಾಕ್ ಹೆಜ್ಜಿ ನಡದ್ರ ದಮ್ಮ ಹತ್ತತೈತಿ ಅಂದ್ರ ಉಸಿರಾಟದ ತೊಂದರಿ, 267036007. ರಾತ್ರಿ ಪೂರಾ ಮಲಗಿ ಎದ್ರೂ ಮೈ ಹಗುರ ಆಗವಲ್ದು ಅಂದ್ರ ಆವಾಗ ಫಟೀಗ್, 84229001. ಕೈಯಾಗ ಕಾಲಾಗ ಬಲಾನ ಇಲ್ಲ ಅಂದ್ರ ನಿಶ್ಶಕ್ತಿ, ಅದು ಬ್ಯಾರೆ. ಅದ್ರಾಗೂ ಒಂದ ಬಾಜೂ ಕೈ ಎತ್ತಾಕ ಆಗವಲ್ದು ಅಂದ್ರ ಪಟ್ಟಿ ಗಿಟ್ಟಿ ಬಿಟ್ಟು ಮೊದಲು ಡಾಕ್ಟರ್‌ನ ಕರೀರಿ, ಕೋಡ್ ಆಮ್ಯಾಲೆ ಹಾಕಾಕ ಬರತೈತಿ.

ರೋಗಿ ಅಂದ ಮಾತು ಒಂದ ಫೀಲ್ಡಿನ್ಯಾಗ ಇದ್ದಂಗ ಇರಲಿ, ಸಿಸ್ಟರ್ ತಗೊಂಡ ಅರ್ಥ ಇನ್ನೊಂದ್ರಾಗ ಕೋಡ್ ಆಗಿ ಇರಲಿ. ಎರಡೂ ಒಂದ್ರಾಗ ತುರುಕಬ್ಯಾಡ್ರಿ. ನಾಳೆ ಅರ್ಥ ತಪ್ಪಾಗಿತ್ತು ಅಂತ ಗೊತ್ತಾದ್ರ ಮೂಲ ಮಾತು ಕೈಗೆ ಸಿಗಬೇಕು.

ಕರಾವಳಿ_ಸಿಸ್ಟರ್

ನಮ್ಮಲ್ಲಿ ಸುಸ್ತಿಗೆ "ಬಚ್ಚಿದೆ" ಅಂತಾರೆ, ಅದನ್ನೂ ಸೇರಿಸಿ. "ಉಷ್ಣ ಆಗಿದೆ" ಅನ್ನೋದಕ್ಕೆ ಏನು ಹಾಕ್ತೀರಿ ಮಾರಾಯ್ರೇ? ಬಾಯಿ ಹುಣ್ಣು, ಉರಿಮೂತ್ರ, ಭೇದಿ, ಕಣ್ಣುರಿ, ಎಲ್ಲದಕ್ಕೂ ಉಷ್ಣವೇ.

ಹುಬ್ಬಳ್ಳಿ_ಬ್ರದರ್

ಉಷ್ಣಕ್ಕ ಕೋಡ್ ಹಾಕಬ್ಯಾಡ್ರಿ ಅಕ್ಕಾರ. "ಎಲ್ಲಿ ಉರಿ?" ಅಂತ ಕೇಳಿ ಅವರು ತೋರಿಸಿದ್ದಕ್ಕ ಕೋಡ್ ಹಾಕ್ರಿ. ಉಷ್ಣ ಅನ್ನೋದು ರೋಗಿ ಮಾತಿನ ಫೀಲ್ಡಿನ್ಯಾಗ ಇರಲಿ. ಟೆಂಪರೇಚರ್ ಮಾತ್ರ ನೋಡಿ ಬರೀರಿ, ಉಷ್ಣ ಅಂದವ್ರಿಗೆಲ್ಲಾ ಜ್ವರ ಇರಂಗಿಲ್ಲ.

ಡೇಟಾಬೇಸ್_ಭಟ್ರು

ಬ್ರದರ್ ಹೇಳಿದ ಆ ಕನ್ನಡ ಫೀಲ್ಡಿಗೆ ಎರಡು ಮುನ್ನೆಚ್ಚರಿಕೆ. ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಆಗಿದ್ದು ಕಾಲಂ ವಾರ್‌ಚಾರ್ ಆಗಿದ್ದರೆ ಸಾಮಾನ್ಯವಾಗಿ ಕನ್ನಡ ಅಕ್ಷರವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿಯುತ್ತೆ. ಉಳಿಸುವಾಗಲೇ ಹೋಗಿರುತ್ತೆ, ಆಮೇಲೆ ವಾಪಸ್ ತರೋಕಾಗಲ್ಲ. ಎನ್‌ವಾರ್‌ಚಾರ್ ಮಾಡಿಸಿ, ಮೈಎಸ್‌ಕ್ಯೂಎಲ್ ಆದರೆ ಯುಟಿಎಫ್8ಎಂಬಿ4. ಪರೀಕ್ಷೆಗೆ "ಕ" ಅಂತ ಟೈಪ್ ಮಾಡಿ ನೋಡಿದರೆ ಸಾಲದು. "ನಿಶ್ಶಕ್ತಿ, ಉಬ್ಬಸ, ಕೆಮ್ಮಿನಲ್ಲಿ ರಕ್ತ" ಅಂತ ಒತ್ತಕ್ಷರ ಇರೋ ಸಾಲು ಹಾಕಿ, ಉಳಿಸಿ, ಪ್ರಿಂಟ್ ತೆಗೆದು ನೋಡಿ. ತೆರೆಯ ಮೇಲೆ ಸರಿ ಕಂಡರೂ ಪಿಡಿಎಫ್‌ನಲ್ಲಿ ಒತ್ತು ಪಕ್ಕಕ್ಕೆ ಹಾರಿರುತ್ತೆ.

ಎರಡನೇದು ನುಡಿ. ಹಳೇ ಆಸ್ಕಿ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಡಿಸ್ಚಾರ್ಜ್ ಸೂಚನೆಗಳನ್ನು ಕಾಪಿ ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ, ಮೇಲೆ ಒಬ್ಬರು ಕೂತು ಅಕ್ಷರ ಅಕ್ಷರ ಓದಿ. ಅರ್ಕಾವತ್ತು ಇರೋ ಪದಗಳು, ಅಂಕಿಗಳು ವಿಶೇಷವಾಗಿ. ಮಾತ್ರೆಯ ಪ್ರಮಾಣ ಇರೋದು ಆ ಅಂಕಿಗಳಲ್ಲೇ.

ಲೀಡ್ಸ್_ಕನ್ನಡತಿ

ಇಲ್ಲಿ ಬ್ರಿಟನ್ನಿನ ಎನ್‌ಎಚ್‌ಎಸ್‌ನಲ್ಲಿ ವೈಟಲ್ಸ್‌ಗೆ ನ್ಯೂಸ್2 ಅನ್ನೋ, ರೋಗಿ ಹದಗೆಡೋದನ್ನು ಮೊದಲೇ ತೋರಿಸೋ ಅಂಕಪಟ್ಟಿ ಇದೆ, ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ತಂದದ್ದು. ನೀವು ಅದನ್ನು ಸಾಫ್ಟ್‌ವೇರಿನಲ್ಲಿ ಹಾಕಿಸೋದಾದರೆ ಆಮ್ಲಜನಕದ ಫೀಲ್ಡನ್ನು ಕಡ್ಡಾಯ ಮಾಡಿಸಿ. ಉಸಿರಾಟ ನಿಮಿಷಕ್ಕೆ 22 ಇದ್ದರೆ 2 ಅಂಕ. ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) 95 ಇದ್ದರೆ 1. ಆಮ್ಲಜನಕ ಕೊಡ್ತಿದ್ದರೆ ಇನ್ನೂ 2. ಉಳಿದದ್ದು ಸರಿಯಿದ್ದರೂ ಒಟ್ಟು 5. 5 ಅಂದರೆ ಡಾಕ್ಟರು ಬೇಗ ಬಂದು ನೋಡಬೇಕಾದ ಹಂತ. ಆಮ್ಲಜನಕದ ಜಾಗ ಖಾಲಿ ಬಿಟ್ಟಾಗ ಸಾಫ್ಟ್‌ವೇರ್ ಅದನ್ನು ರೂಮ್ ಏರ್ ಅಂತ ಲೆಕ್ಕ ಹಾಕಿದರೆ 3 ಬರುತ್ತೆ, ಯಾರೂ ಓಡಿ ಬರಲ್ಲ. "ಇಲ್ಲ" ಮತ್ತು "ಕೇಳಿಲ್ಲ" ಎರಡೂ ಒಂದೇ ಖಾಲಿ ಜಾಗ ಆಗಬಾರದು.

ಸಿಒಪಿಡಿ ಅನ್ನೋ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯಲ್ಲಿ ಇಂಗಾಲದ ಡೈಆಕ್ಸೈಡ್ ಉಳಿಯೋ ರೋಗಿಗಳಿಗೆ ಸ್ಯಾಚುರೇಷನ್ ಗುರಿ 88–92. ಅವರಿಗೆ ಎರಡನೇ ಅಳತೆಪಟ್ಟಿ ಬೇರೆ ಇದೆ. ಯಾವ ಪಟ್ಟಿ ಅನ್ನೋದನ್ನು ಡಾಕ್ಟರು ಆರಿಸಬೇಕು, ತಂತಾನೇ ಬದಲಾಗಬಾರದು.

ವೈಟಲ್ಸ್‌ಗೆ ಲಾಯಿಂಕ್ ಕೋಡ್: ಸಿಸ್ಟೋಲಿಕ್ 8480-6, ಡಯಾಸ್ಟೋಲಿಕ್ 8462-4, ನಾಡಿ 8867-4, ಉಸಿರಾಟ 9279-1, ಮೈಶಾಖ 8310-5. ನಮ್ಮೂರಲ್ಲಿ ಥರ್ಮಾಮೀಟರ್ ಫ್ಯಾರನ್‌ಹೀಟ್‌ನಲ್ಲಿ, ನ್ಯೂಸ್2 ಸೆಲ್ಸಿಯಸ್‌ನಲ್ಲಿ. ಅಂಕಿಯ ಜೊತೆ ಮಾನವನ್ನೂ ಉಳಿಸಿ. ಸೆಲ್ಸಿಯಸ್ ಫೀಲ್ಡಿಗೆ 98.6 ಹೊಡೆದರೆ ಸಾಫ್ಟ್‌ವೇರ್ ಅಲ್ಲೇ ತಡೆಯಬೇಕು.

ರಾತ್ರಿ_ಪಾಳಿ

ಡ್ರಿಪ್ ಬಗ್ಗೆ ಯಾರೂ ಹೇಳಿಲ್ಲ. ನೋಟ್ಸ್‌ನಲ್ಲಿ "20 ಡ್ರಾಪ್ಸ್" ಅಂತ ಬರೀತಾರೆ, ನಿಮಿಷಕ್ಕೆ ಅಂತ ಅರ್ಥ. 20 ಹನಿಗೆ 1 ಎಂಎಲ್ ಬೀಳೋ ಸೆಟ್ ಆದರೆ ಅದು ಗಂಟೆಗೆ 60 ಎಂಎಲ್. 15 ಹನಿಯ ಸೆಟ್ ಆದರೆ 80. 60 ಹನಿಯ ಮೈಕ್ರೋ ಸೆಟ್ ಆದರೆ 20. ಸೆಟ್ ಯಾವುದು ಅಂತ ಇಲ್ಲದ ಹನಿ ಲೆಕ್ಕಕ್ಕೆ ಅರ್ಥವೇ ಇಲ್ಲ, ಅದರಿಂದ ಕೂಡಿಸಿದ ಇನ್‌ಟೇಕ್‌ಗಂತೂ ಇಲ್ಲವೇ ಇಲ್ಲ. ಹಾಗಾಗಿ ಫೀಲ್ಡು ಗಂಟೆಗೆ ಎಷ್ಟು ಎಂಎಲ್ ಅಂತಲೇ ಇರಲಿ. ಸೆಟ್ಟಿನ ಪ್ಯಾಕೆಟ್ ಮೇಲಿರೋ ಸಂಖ್ಯೆ ಆರಿಸಿದರೆ ನಿಮಿಷಕ್ಕೆ ಎಷ್ಟು ಹನಿ ಅಂತ ಸಾಫ್ಟ್‌ವೇರೇ ತೋರಿಸಲಿ.

24 ಗಂಟೆ ಮೊತ್ತ ಬೆಳಿಗ್ಗೆ 6ಕ್ಕಾ, 8ಕ್ಕಾ ಅನ್ನೋದನ್ನು ಐಸಿಯು ಮತ್ತು ವಾರ್ಡು ಕೂತು ಒಂದು ಮಾಡಿಕೊಳ್ಳಿ. ಇಲ್ಲದಿದ್ದರೆ ಶಿಫ್ಟ್ ಆದ ರೋಗಿಯ ಎರಡು ಗಂಟೆಯ ಮೂತ್ರ ಎರಡೂ ಕಡೆ ಎಣಿಕೆಯಾಗುತ್ತೆ, ಇಲ್ಲಾ ಎರಡೂ ಕಡೆ ಬಿಟ್ಟುಹೋಗುತ್ತೆ.

ಸಮಯದ ಫೀಲ್ಡು ಎರಡು ಬೇಕೇ ಬೇಕು: ಕೆಲಸ ನಡೆದ ಹೊತ್ತು, ಟೈಪ್ ಮಾಡಿದ ಹೊತ್ತು. ಎರಡನೇದನ್ನು ಯಾರೂ ತಿದ್ದೋ ಹಾಗಿರಬಾರದು. ಒಂದೇ ಫೀಲ್ಡ್ ಇಟ್ಟರೆ ಪಾಳಿ ಮುಗಿಯೋ ಹೊತ್ತಿಗೆ ಎಂಟು ರೋಗಿಗಳ ಬಿಪಿಯೆಲ್ಲ 7:40ಕ್ಕೇ ನೋಡಿದ ಹಾಗೆ ಕಾಣುತ್ತೆ.

ವಾರ್ಡ್_ಮೇಜು

ಎಲ್ಲರಿಗೂ ಧನ್ಯವಾದ. ಹಿಂದಿನ ಪಾಳಿಯ ನೋಟ್ಸ್ ಒಂದೇ ಬಟನ್ನಿನಲ್ಲಿ ಮುಂದಕ್ಕೆ ತರೋ ಸೌಲಭ್ಯ ಇದೆ ಅಂತ ಸಾಫ್ಟ್‌ವೇರಿನವರು ದೊಡ್ಡದಾಗಿ ಹೇಳ್ತಿದ್ದಾರೆ. ಅದನ್ನು ಇಟ್ಟುಕೊಳ್ಳೋದಾ?

ಆಡಿಟ್_ಕಣ್ಣು

ಬೇಡ. ಮಧ್ಯಾಹ್ನ ಕ್ಯಾತಿಟರ್ ತೆಗೆದಿರುತ್ತೆ, ರಾತ್ರಿ ನೋಟ್ಸ್‌ನಲ್ಲಿ "ಕ್ಯಾತಿಟರ್ ಕೇರ್ ಕೊಡಲಾಗಿದೆ" ಅಂತ ಇರುತ್ತೆ. ಚರ್ಮ ಸರಿಯಿದೆ ಅಂತ ಐದು ದಿನ ಸತತ ಬಂದಿರುತ್ತೆ, ಆರನೇ ದಿನ ನೇರವಾಗಿ ಸ್ಟೇಜ್ 3 ಹಾಸಿಗೆ ಹುಣ್ಣು. ಹಳೇ ನಮೂದು ಪಕ್ಕದಲ್ಲಿ ಮಸುಕಾಗಿ ಕಾಣಲಿ, ಹೊಸದನ್ನು ಆರಿಸಲೇಬೇಕು. ಮೊದಲೇ ಟಿಕ್ ಆಗಿರೋ ಪೆಟ್ಟಿಗೆಗಳೂ ಬೇಡ.

ಚುಟುಕು ಪದಗಳಿಗೂ (ಅಬ್ರಿವಿಯೇಷನ್) ಕಡಿವಾಣ ಹಾಕಿ. ಓಡಿ ಅಂದರೆ ದಿನಕ್ಕೊಂದು ಸಲ, ಕಣ್ಣಿನ ವಿಭಾಗದಲ್ಲಿ ಬಲಗಣ್ಣು, ಕ್ಯಾಶುವಾಲ್ಟಿಯಲ್ಲಿ ಓವರ್‌ಡೋಸ್.

ಡೇಟಾಬೇಸ್_ಭಟ್ರು

ಎಲ್ಲ ಪದವೂ ಸ್ನೋಮೆಡ್‌ನಲ್ಲಿ ಸಿಗಲ್ಲ. ನಿಮ್ಮದೇ ಪದ ಸೇರಿಸಬೇಕಾಗಿ ಬಂದರೆ ಐಎಸ್‌ಓ 18104ರ ನಿಯಮ ಹಿಡಿಯಿರಿ: ಡಯಾಗ್ನೋಸಿಸ್ ಪದದಲ್ಲಿ "ಯಾವುದರ ಬಗ್ಗೆ", "ಏನು ತೀರ್ಮಾನ" ಎರಡೂ ಇರಬೇಕು. ಕೆಲಸದ ಪದದಲ್ಲಿ "ಏನು ಮಾಡಿದ್ದು", "ಯಾವುದಕ್ಕೆ" ಎರಡೂ ಇರಬೇಕು. "ಚರ್ಮ" ಅಂತಷ್ಟೇ ಬರೆದರೆ ಡಯಾಗ್ನೋಸಿಸ್ ಅಲ್ಲ. "ಬ್ಯಾಕ್ ಕೇರ್ ಕೊಡಲಾಗಿದೆ" ಅನ್ನೋದರಲ್ಲಿ ಎಣ್ಣೆ ಹಚ್ಚಿದ್ದೋ, ಮಗ್ಗಲು ಬದಲಿಸಿದ್ದೋ, ಬರೀ ನೋಡಿದ್ದೋ ಯಾರಿಗೆ ಗೊತ್ತು? "ಎಡ ಮಗ್ಗುಲಿಗೆ 30 ಡಿಗ್ರಿ ವಾಲಿಸಿದ್ದು, 14:00" ಅಂತ ಇದ್ದರೆ ಮುಂದಿನ ಪಾಳಿಯವರಿಗೆ 16:00ಕ್ಕೆ ಯಾವ ಕಡೆ ತಿರುಗಿಸಬೇಕು ಅಂತ ತಿಳಿಯುತ್ತೆ.

ಒಂದು ವಾರ್ಡಿನಲ್ಲಿ ಎರಡು ವಾರ ಓಡಿಸಿ. ಆಮೇಲೆ "ಇತರೆ" ಆರಿಸಿರೋ ಸಾಲುಗಳನ್ನೆಲ್ಲ ಹೊರತೆಗೆದು ಇನ್‌ಚಾರ್ಜ್ ಸಿಸ್ಟರ್ ಜೊತೆ ಕೂತು ಓದಿ. ಹತ್ತರಲ್ಲಿ ಒಂದಕ್ಕಿಂತ ಜಾಸ್ತಿ ಇತರೆ ಬಂದಿದ್ದರೆ ತಪ್ಪು ಪಟ್ಟಿಯದ್ದು, ಸಿಸ್ಟರ್‌ಗಳದ್ದಲ್ಲ. ಯಾರೂ ಒಂದು ಸಲವೂ ಮುಟ್ಟದ ಪದಗಳನ್ನು ಡ್ರಾಪ್‌ಡೌನಿನಿಂದ ಇಳಿಸಿ. ಡೇಟಾಬೇಸಿನಿಂದ ಅಳಿಸಬೇಡಿ, ನಿಷ್ಕ್ರಿಯ ಅಂತ ಗುರುತು ಹಾಕಿ. ಬರೆಯೋ ಜಾಗ ತೆಗೆಯಲೇಬೇಡಿ. ಮನೆಯವರ ಜೊತೆ ಆದ ಮಾತು, ರೋಗಿಯ ಹೆದರಿಕೆ, ರಾತ್ರಿ ಯಾಕೆ ನಿದ್ದೆ ಬರಲಿಲ್ಲ ಅನ್ನೋದಕ್ಕೆಲ್ಲ ಡ್ರಾಪ್‌ಡೌನ್ ಮಾಡೋಕಾಗಲ್ಲ.

ರಾತ್ರಿ_ಪಾಳಿ

ಸರ್ವರ್ ಬಿದ್ದಾಗ ಬಳಸೋ ಕಾಗದದ ಫಾರಂ ತೆರೆಯ ಅದೇ ಕ್ರಮದಲ್ಲಿ, ಅದೇ ಪದಗಳಲ್ಲಿ ಇರಲಿ. ಹಳೇ ಟಿಪಿಆರ್ (ಶಾಖ, ನಾಡಿ, ಉಸಿರಾಟ) ಚಾರ್ಟ್ ತಂದಿಟ್ಟರೆ ಆಮೇಲೆ ಟೈಪ್ ಮಾಡೋರು ಅರ್ಥ ಊಹಿಸಿ ತುಂಬ್ತಾರೆ.

ವಾರ್ಡ್_ಮೇಜು

ಸರಿ, ಕ್ಯಾನುಲಾದಿಂದ ಶುರು ಮಾಡ್ತಿದ್ದೀವಿ. ಅಂಕ ರಕ್ತನಾಳದ ಉರಿಯೂತ ಅಳೆಯೋ ವಿಐಪಿ ಸ್ಕೋರ್, 0–5. 1 ಬಂದರೆ ಗಮನಿಸೋದು, 2ರಿಂದ ತೆಗೆದು ಬೇರೆ ಕಡೆ ಹಾಕೋದು. ಜಾಗಕ್ಕೆ ಪಟ್ಟಿ: ಬಲಗೈ, ಎಡಗೈ, ಬಲಗಾಲು, ಎಡಗಾಲು. ಹಾಕಿದ ದಿನಾಂಕ, ಹೊತ್ತು, ಗೇಜ್. ಸಾಕಾ?

ಪಾಠದ_ಮೇಡಂ

ಜಾಗದ ಪಟ್ಟಿ ಸಾಲದು. ಕನ್ನಡದಲ್ಲಿ ಕೈ ಅಂದರೆ ಭುಜದಿಂದ ಬೆರಳ ತುದಿವರೆಗೆ, ಕಾಲು ಅಂದರೆ ತೊಡೆಯಿಂದ ಹೆಬ್ಬೆರಳವರೆಗೆ. ಮೊಣಕೈ ಮಡಿಕೆಯಲ್ಲಿದ್ದ ಕ್ಯಾನುಲಾ ತೆಗೆದು ಮಣಿಕಟ್ಟಿನ ಹತ್ತಿರ ಹಾಕಿದರೂ ನಿಮ್ಮ ದಾಖಲೆಯಲ್ಲಿ "ಎಡಗೈ" ಅಂತಲೇ ಇರುತ್ತೆ. ಯಾವುದು ಊದಿತ್ತು ಅಂತ ಗೊತ್ತಾಗಲ್ಲ.

ವಾರ್ಡ್_ಮೇಜು

ಹಾಗಾದರೆ ಅಂಗೈ ಹಿಂಭಾಗ, ಮಣಿಕಟ್ಟು, ಮುಂಗೈ, ಮೊಣಕೈ ಮಡಿಕೆ, ತೋಳು ಅಂತ ಒಡೆಯಬಹುದಾ?

ಕರಾವಳಿ_ಸಿಸ್ಟರ್

ಮುಂಗೈ ಬೇಡ. ಕೆಲವರು ಮೊಣಕೈಯಿಂದ ಮಣಿಕಟ್ಟಿನವರೆಗೆ ಅಂದ್ಕೋತಾರೆ, ಕೆಲವರು ಮಣಿಕಟ್ಟಿನ ಮುಂದಿನದ್ದು ಅಂದ್ಕೋತಾರೆ. ಕೈಯ ಚಿತ್ರ ಹಾಕಿಸಿ, ಬೆರಳಿನಿಂದ ಜಾಗ ಮುಟ್ಟಿದರೆ ಕೋಡ್ ಅದೇ ಬೀಳಲಿ. ಚಿತ್ರದಲ್ಲಿ ಎಡ-ಬಲ ರೋಗಿಯ ಕಡೆಯಿಂದಲೋ ನೋಡೋರ ಕಡೆಯಿಂದಲೋ ಅಂತ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ.